ಕುಡಿದು ಸತ್ತವನ ಮಗಳು

“ಥೂ, ಯಾರ್ ಹೇಳಿದ್ರು ನಿಂಗೆ ಒಳ್ಳೇ ಬಟ್ಟೆ ಹಾಕ್ಕೊಂಡ್ ಬಾ ಅಂತ?” ಸಭಾಂಗಣದ ಬಾಗಿಲಲ್ಲೇ ಮೇಸ್ತ್ರಿ ಸುಣ್ಣದಕ್ಕನನ್ನು ತಡೆದ. “ಮುಂಡೆ, ಹಿಂಗೆ ಮಿಂಚ್ತಾ ಬಂದ್ರೆ ನಿನ್ನ ಬಡವಳು ಅಂತ ಯಾವನ್ ನಂಬ್ತಾನೆ? ಫೋಟೋದವ್ರು ಬಂದಿದಾರೆ. ಹೋಗು, ಕೆಲಸದ ಬಟ್ಟೇಲಿ ಬಾ.”

ಅದು ನಾರುತ್ತದೆ ಎಂದು ಅವಳು ಹಿಂಜರಿದಳು. ನಾರಿದರೆ ನಾರಲಿ, ಫೋಟೋದಲ್ಲಿ ವಾಸನೆ ಬರುವುದಿಲ್ಲ ಎಂದು ಅವನು ನಕ್ಕ.

ಸಭಾಂಗಣದ ಹಿಂದೆಯೇ ಚರ್ಮ ಹದ ಮಾಡುವ ಕಾರ್ಖಾನೆ. ಹಸಿ ಚರ್ಮಗಳನ್ನು ಸುಣ್ಣದ ನೀರಿನ ತೊಟ್ಟಿಗೆ ಇಳಿಸಿ, ಕೂದಲು ಸಡಿಲವಾದ ಮೇಲೆ ಎತ್ತಿ ಹೆರೆಯುವುದು ಅವಳ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಒದ್ದೆ ಬಟ್ಟೆಯನ್ನು ಮೈಗೆ ಹಾಕಿಕೊಂಡಾಗ ಅವಳಿಗೆ ಅಳು ಬರಲಿಲ್ಲ. ಮಗಳ ಎದುರು ಹೀಗೆ ನಿಲ್ಲಬೇಕಲ್ಲ ಎಂದು ಮಾತ್ರ ಅನ್ನಿಸಿತು.

ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಓದಿನ ಖರ್ಚನ್ನೆಲ್ಲ ಕಾರ್ಖಾನೆಯ ಧಣಿಯೇ ಸ್ಕಾಲರ್‌ಶಿಪ್ ಎಂದು ಕೊಡುವವನಿದ್ದ. ಅದಕ್ಕೆ ಬದಲಾಗಿ ಹುಡುಗಿ ಅತಿಥಿಗಳ ಮುಂದೆ ನಿಂತು ತನ್ನ ಕಥೆ ಹೇಳಬೇಕು. ಕಥೆಯನ್ನು ಮೇಸ್ತ್ರಿಯೇ ಹೇಳಿಕೊಟ್ಟಿದ್ದ: ಅಪ್ಪ ಕುಡುಕ, ಕುಡಿದು ಹೊಲಸು ನೀರಿನ ಗುಂಡಿಗೆ ಬಿದ್ದು ಸತ್ತ, ಧಣಿಗಳು ಕೈಹಿಡಿದರು.

ಅಪ್ಪ ಒಂದು ಹನಿಯನ್ನೂ ಮುಟ್ಟಿದವನಲ್ಲ. ಕಾರ್ಖಾನೆಯ ಕಟ್ಟಿಕೊಂಡ ಗುಂಡಿಯನ್ನು ಬಿಡಿಸಲು ಮೇಸ್ತ್ರಿ ಅವನನ್ನೂ ಜೊತೆಯವನನ್ನೂ ಬರಿ ಮೂಗಿನಲ್ಲಿ ಇಳಿಸಿದ್ದ. ಒಳಗಿನ ವಿಷಗಾಳಿಗೆ ಸಿಕ್ಕಿ ಇಬ್ಬರೂ ಮೇಲೆ ಬರಲಿಲ್ಲ. ಜೊತೆಯವನ ಹೆಂಡತಿ, ಓಣಿಯಲ್ಲಿ ಬಟ್ಟೆ ಹೊಲಿಯುವ ದರ್ಜಿಯಮ್ಮ, ಕಾರ್ಖಾನೆಯ ಮೇಲೆ ಕೋರ್ಟಿಗೆ ಹೋಗಿದ್ದಳು. ಇಬ್ಬರೂ ಕುಡಿದಿದ್ದರು ಎಂದು ಕಾರ್ಖಾನೆಯವರು ಅಲ್ಲಿ ವಾದಿಸುತ್ತಿದ್ದರು. ಸ್ಕಾಲರ್‌ಶಿಪ್ಪಿನ ಸುದ್ದಿ ಕೇಳಿ ದರ್ಜಿಯಮ್ಮ ಬಂದು ಹೊಸಿಲಲ್ಲೇ ನಿಂತು, “ನಿನ್ ಮಗಳು ಹಂಗಂದ್ರೆ ನನ್ ಗಂಡನೂ ಕುಡುಕನೇ ಆಗ್ತಾನಲ್ಲಕ್ಕ” ಎಂದಿದ್ದಳು. ಸುಣ್ಣದಕ್ಕ ಒಲೆ ಊದುತ್ತ ಕೇಳದವಳಂತೆ ಕೂತಿದ್ದಳು.

ಮಗಳು ಸುತರಾಂ ಒಪ್ಪಿರಲಿಲ್ಲ. ಎರಡು ದಿನ ಊಟ ಬಿಟ್ಟಳು. ಕೊನೆಗೆ ತಾಯಿ ತನ್ನ ಎರಡೂ ಅಂಗೈಗಳನ್ನು ಅವಳ ಮುಖದ ಮುಂದೆ ಹಿಡಿದಳು. ಸುಣ್ಣ ತಿಂದು ಬೆರಳ ಸಂದಿನ ಚರ್ಮ ಹೋಗಿತ್ತು, ಉಗುರುಗಳು ಇರಲಿಲ್ಲ.

“ನಿಂಗೂ ಇಂಥ ಕೈಯೇ ಬೇಕೇನೆ? ಸತ್ತೋನಿಗೆ ಮಾನ ಕಟ್ಕೊಂಡ್ ಏನಾಗ್ಬೇಕು? ಹೇಳ್ಬಿಡು. ಪಾಪ ಬಂದ್ರೆ ನಂಗ್ ಬರ್ಲಿ.”

ಮಗಳು ಒಪ್ಪಿಕೊಂಡಳು.

ಮುಂದಿನ ಸಾಲಿನಲ್ಲಿ ಅತಿಥಿಗಳು, ಹಿಂದೆ ಜಾಗ ತುಂಬಿಸಲು ಕರೆತಂದ ಕೆಲಸಗಾರರು. ದರ್ಜಿಯಮ್ಮನೂ ಬಂದು ಗೋಡೆಗೆ ಒರಗಿ ನಿಂತಿದ್ದಳು. ಮಗಳು ಮೈಕಿನ ಮುಂದೆ ಪಾಠ ಒಪ್ಪಿಸುವಂತೆ, ಎಲ್ಲೂ ತಡವರಿಸದೆ ಹೇಳಿ ಮುಗಿಸಿದಳು. ಕ್ಯಾಮೆರಾ ಎಲ್ಲವನ್ನೂ ಹಿಡಿಯಿತು. ಧಣಿಯ ಹೆಂಡತಿ ಕಣ್ಣೊರೆಸಿಕೊಂಡಳು. ಚಪ್ಪಾಳೆ ನಿಲ್ಲುವ ಮೊದಲೇ ದರ್ಜಿಯಮ್ಮ ಯಾರನ್ನೂ ನೋಡದೆ ಹೊರಗೆ ಹೋದಳು. ಅವಳ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡದ್ದನ್ನು ಸುಣ್ಣದಕ್ಕ ನೋಡಿದಳು.

ಧಣಿ ಅವಳನ್ನೂ ವೇದಿಕೆಗೆ ಕರೆದ. ಪಕ್ಕಕ್ಕೆ ಬಂದಾಗ ಅವನ ಹೆಂಡತಿ ಕರವಸ್ತ್ರವನ್ನು ಕಣ್ಣಿನಿಂದ ಮೂಗಿಗೆ ಇಳಿಸಿಕೊಂಡಳು. ಫೋಟೋ ಆಯಿತು. ಧಣಿಗೆ ಉಮೇದು ಬಂದು, ನೀನೂ ಎರಡು ಮಾತಾಡಮ್ಮ ಎಂದ. ಬೇಡವೆಂದು ಮೇಸ್ತ್ರಿ ಕೆಳಗಿನಿಂದ ಕೈಯಾಡಿಸುತ್ತಿದ್ದ.

“ನನ್ ಗಂಡ ಕುಡೀತಿರ್ಲಿಲ್ಲ,” ಎಂದಳು ಸುಣ್ಣದಕ್ಕ. “ಮೂಗಿಗೆ ಹಾಕ್ಕೊಳ್ಳೋಕೆ ಮಾಸ್ಕ್ ಕೊಡಿ ಅಂತ ಕೇಳ್ದ. ಈ ಮೇಸ್ತ್ರಿ, ನೀನೇನ್ ಡಾಕ್ಟರೇನೋ ಬೋಳಿಮಗನೇ ಅಂತ ಬೈದು ಇಳಿಸ್ದ. ಇಬ್ರೂ ಕುಡಿದಿರ್ಲಿಲ್ಲ. ಈ ಸುಳ್ಳನ್ನ ನನ್ ಮಗಳ ಬಾಯಿಗೆ ತುರುಕ್ದೋಳು ನಾನು.”

ಮೈಕು ಸತ್ತಿತು. ಆದರೆ ಹಗಲೆಲ್ಲ ಯಂತ್ರಗಳ ಗದ್ದಲದ ಮೇಲೆ ಕೂಗಿ ಮಾತಾಡಿದ ಗಂಟಲು ಅವಳದು. ಮೇಸ್ತ್ರಿ ರಟ್ಟೆ ಹಿಡಿದು ಎಳೆಯುವ ಹೊತ್ತಿಗೆ ಅವಳು ಅದನ್ನೇ ಇನ್ನೊಂದು ಸಲ, ಕೊನೆಯ ಸಾಲಿಗೂ ಮುಟ್ಟುವಂತೆ ಹೇಳಿಯಾಗಿತ್ತು. ಹಿಂದಿನ ಕೆಲಸಗಾರರಲ್ಲಿ ಯಾರೂ ಏಳಲಿಲ್ಲ. ಒಬ್ಬಿಬ್ಬರು ತಲೆ ತಗ್ಗಿಸಿದರು.

ನಾಳೆಯಿಂದ ಗೇಟಿನ ಹತ್ತಿರ ಸುಳಿಯಬೇಡ ಎಂದು ಮೇಸ್ತ್ರಿ ಇಬ್ಬರನ್ನೂ ಹೊರಗೆ ತಳ್ಳಿದ. ಬೀದಿಯಲ್ಲಿ ಮಗಳು ತಾಯಿಗಿಂತ ಮುಂದೆ ನಡೆದಳು. ಆಮೇಲೆ ತಿರುಗಿ ನಿಂತಳು.

“ಹೇಳೋದೇ ಆಗಿದ್ರೆ ನಾನ್ ಹೇಳೋಕ್ ಮುಂಚೆ ಹೇಳ್ಬೇಕಿತ್ತಮ್ಮ. ಈಗ ಓದೂ ಹೋಯ್ತು. ಅಪ್ಪನ್ನ ಕುಡುಕ ಅಂದಿದ್ದು ಮಾತ್ರ ನನ್ ಬಾಯಲ್ಲೇ ಉಳೀತು.”

ಸುಣ್ಣದಕ್ಕ ಮನೆಯ ಕಡೆ ಹೊರಳದೆ ದರ್ಜಿಯಮ್ಮನ ಬಾಗಿಲಿಗೆ ಹೋಗಿ ತಟ್ಟಿದಳು. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು.

“ನಾನು ಕಣೇ. ಕೋರ್ಟಲ್ಲಿ ಯಾರಿಗೆ ಹೇಳ್ಬೇಕೋ ಕರ್ಕೊಂಡ್ ಹೋಗು. ಅಲ್ಲೂ ಹೇಳ್ತೀನಿ.”

ಯಂತ್ರ ನಿಂತಿತು. ಚಿಲಕ ಅಲುಗಲಿಲ್ಲ. ಅವಳು ಅದೇ ನಾರುವ ಬಟ್ಟೆಯಲ್ಲಿ ಮೆಟ್ಟಿಲ ಮೇಲೆ ಕುಳಿತಳು. ಮಗಳು ಹತ್ತಿರ ಬರಲೂ ಇಲ್ಲ, ಬಿಟ್ಟು ಹೋಗಲೂ ಇಲ್ಲ. ಬೀದಿಯ ಆಚೆ ಬದಿಯಲ್ಲಿ ನಿಂತೇ ಇದ್ದಳು.