ಶಾಲೆಯ ಗೋಡೆಗೆ ಆರು ಬಳೆ

ಇಂದ್ರಾಬಾಯಿ ಗಡಿಯ ಊರು ಮುಚ್ಚಂಡಿಗೆ ಸೊಸೆಯಾಗಿ ಬಂದು ಎರಡು ವರ್ಷ ಕಳೆದರೂ ಮಾವ ಮುರಗೆಪ್ಪ ಗೌಂಡಿಯ ಮುಂದೆ ನಿಂತು ಒಂದು ಮಾತಾಡಿದವಳಲ್ಲ. ಹೇಳುವುದೇನಾದರೂ ಇದ್ದರೆ ಅತ್ತೆ ಸಿದ್ದಲಿಂಗವ್ವನ ಕಿವಿಗೆ ಹಾಕಬೇಕು, ಅತ್ತೆ ಅದನ್ನು ಪಡಸಾಲೆಗೆ ದಾಟಿಸಬೇಕು. ಮನೆಯ ರಿವಾಜೇ ಹಾಗಿತ್ತು.

೧೯೬೭ರ ದೀಪಾವಳಿ ಮುಗಿದ ಮೇಲೆ ಊರಾಚೆ ಹೊಲಗಳ ನಡುವಿನ ಮನೆಗಳ ವಸ್ತಿಗೆ ಎರಡು ಕೋಣೆಯ ಶಾಲೆ ಮಂಜೂರಾಗಿ, ಕಟ್ಟುವ ಕೆಲಸ ಮುರಗೆಪ್ಪನಿಗೆ ಸಿಕ್ಕಿತು. ಅವನು ಎಬ್ಬಿಸಿದ ಗೋಡೆಗೆ ತೂಕದ ಗುಂಡು ಇಳಿಬಿಟ್ಟು ನೋಡುವ ಅಗತ್ಯವೇ ಇಲ್ಲವೆಂದು ಸುತ್ತಲಿನ ಹಳ್ಳಿಗಳಲ್ಲಿ ಮಾತಿತ್ತು. ಆದರೆ ಓವರಸೀಯರ್ ಸಾಹೇಬರು ಒಂದು ನೀಲಿ ನಕಾಶೆಯನ್ನೂ, ದಾರ ಹಾಕಿ ಹೊಲಿದ, ಕಚೇರಿಯ ಭಾಷೆಯಾದ ಮರಾಠಿಯ ಹನ್ನೊಂದು ಪುಟದ ಬರಹವನ್ನೂ ಅವನ ಕೈಗಿಟ್ಟರು.

"ಇದರಾಗ ಹೆಂಗ ಬರದೈತಿ, ಹಂಗ ಆಗಬೇಕು ನೋಡು ಮುರಗೆಪ್ಪಾ. ಓದಾಕ ಬರತೈತಿಲ್ಲೋ?"

"ಬರತೈತ್ರಿ" ಎಂದುಬಿಟ್ಟ ಮುರಗೆಪ್ಪ. ಅವನಿಗೆ ಬರುತ್ತಿದ್ದುದು ಕನ್ನಡದಲ್ಲಿ ತನ್ನ ಹೆಸರು ಬರೆಯಲು ಮಾತ್ರ.

ನಕಾಶೆಯ ಗೆರೆಗಳೇನೋ ಅವನಿಗೆ ತಿಳಿದವು. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ಗೋಡೆ ಎಷ್ಟು ದಪ್ಪ ಎಂಬುದನ್ನು ಬೆರಳಿಟ್ಟು ಹೇಳಬಲ್ಲ. ಬರಹದ್ದೇ ತೊಡಕು. ಇಂದ್ರಾಬಾಯಿ ಜತ್ತದ ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆ ಪಾಸಾದವಳು ಎಂಬುದು ಆಗ ಮನೆಯವರಿಗೆ ನೆನಪಾಯಿತು. ಅಂದಿನಿಂದ ದಿನಾ ಬೆಳಿಗ್ಗೆ ಅವಳು ಅಡುಗೆಮನೆಯೊಳಗೆ ಕೂತು ಓದಿ ಅತ್ತೆಗೆಂಬಂತೆ ಕನ್ನಡದಲ್ಲಿ ಗಟ್ಟಿಯಾಗಿ ಹೇಳುವುದು, ಮಾವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಚಹಾ ಕುಡಿಯುತ್ತ ಕೇಳುವುದು ಶುರುವಾಯಿತು.

ಮೊದಮೊದಲು ಬೇಸರವೆನಿಸಿದ ಓದು ಬರಬರುತ್ತ ಅವಳಿಗೆ ರುಚಿ ಹತ್ತಿತು. ಪಾಯ ಗಟ್ಟಿ ನೆಲ ಹತ್ತುವವರೆಗೆ ಇಳಿಯಬೇಕು. ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅಂಗೈಗೆ ಮಣ್ಣು ಅಂಟಬಾರದು. ಕಟ್ಟಿದ ಗೋಡೆಗೆ ಏಳು ದಿನ ನೀರು ಹೊಡೆಯಬೇಕು. ತಾನು ಓದಿದ ಸಾಲೆಲ್ಲ ವಾರದೊಳಗೆ ವಸ್ತಿಯಲ್ಲಿ ಕಲ್ಲಾಗಿ ನಿಲ್ಲುವುದನ್ನು, ಬುತ್ತಿ ಒಯ್ದಾಗ ಕಣ್ಣಾರೆ ಕಂಡು ಅವಳಿಗೆ ಒಳಗೊಳಗೇ ಹಿಗ್ಗು.

ಗೋಡೆ ಎದೆಮಟ್ಟ ಬಂದಾಗ ಎಂಟನೆಯ ಪುಟ ಬಂತು. ಪ್ರತಿ ಕೋಣೆಯ ಗೋಡೆಯಲ್ಲಿ ಎರಡು ಅಡಿ ಎತ್ತರಕ್ಕೆ ಮೂರು ಮೂರು ಕಬ್ಬಿಣದ ಬಳೆ ಭದ್ರವಾಗಿ ಕೂರಿಸಬೇಕು ಎಂದಿತ್ತು.

"ಸಾಲಿಗೆ ಬಳಿ ಯಾಕ?" ಅತ್ತೆ ಕೇಳಿದಳು.

"ಉಡಾಳ ಹುಡುಗ್ರನ್ನ ಕಟ್ಟಾಕ ಇರಬೇಕು. ಸರಕಾರ ಶಾಣ್ಯಾ ಆಗೈತಿ" ಎಂದು ಮುರಗೆಪ್ಪ ಎದ್ದು ಕಮ್ಮಾರನ ಹತ್ತಿರ ಹೋದ. ನಾಲ್ಕು ದಿನದಲ್ಲಿ ಆರೂ ಬಳೆ ಗೋಡೆಯಲ್ಲಿ ಕೂತವು.

ಇಂದ್ರಾಬಾಯಿಗೆ ಸಮಾಧಾನವಿರಲಿಲ್ಲ. ನಕಾಶೆಯಲ್ಲಿ ಬಳೆಯ ಗುರುತೇ ಇಲ್ಲ. ಮರುದಿನ ಒಂಬತ್ತನೆಯ ಪುಟ ತೆಗೆದವಳು ನಾಲ್ಕು ಸಾಲು ಓದಿ ಗಪ್ಪನೆ ನಿಲ್ಲಿಸಿದಳು.

"ಯಾಕ ನಿಂತಿತು?" ಪಡಸಾಲೆಯಿಂದ ಪ್ರಶ್ನೆ ಬಂತು.

ಇಂದ್ರಾಬಾಯಿ ನಾಚಿಕೊಂಡು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದಳು. ಸಿದ್ದಲಿಂಗವ್ವನಿಗೆ ಪಿಸುಮಾತು ಎಂಬುದೇ ಗೊತ್ತಿರಲಿಲ್ಲ. "ನೆಲಾ ಇಳಿಜಾರು ಮಾಡಿ, ಉಚ್ಚಿ ಹರದು ಹೋಗಾಕ ಗಟಾರ ಹೊಡೀಬೇಕಂತ, ಸಾಲಿ ಒಳಗ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು.

ಮುರಗೆಪ್ಪನ ಕೈಯ ಚಹಾ ಚೆಲ್ಲಿತು.

ಇಂದ್ರಾಬಾಯಿ ಪುಟ ಹಿಂದಕ್ಕೆ ತಿರುವಿ ಎರಡನೆಯದರಲ್ಲಿ ತಾನು ಓದಿದ್ದ ಒಂದು ಸಾಲನ್ನು ಹುಡುಕಿದಳು. ನಕಾಶೆಗೂ ಬರಹಕ್ಕೂ ತಾಳೆಯಾಗದಿದ್ದರೆ ಕೆಲಸ ನಿಲ್ಲಿಸಿ ಕಚೇರಿಗೆ ಪತ್ರ ಬರೆದು ಕೇಳಬೇಕು ಎಂದಿತ್ತು. ಅತ್ತೆಯ ಮೂಲಕ ಅದನ್ನು ದಾಟಿಸಿದಾಗ ಮಾವ ಚಹಾದ ಬಟ್ಟಲು ಪಕ್ಕಕ್ಕೆ ಸರಿಸಿದ.

"ಕೇಳಿದ್ರ ನನಗ ಓದಾಕ ಬರೂದಿಲ್ಲ ಅನ್ನೂದು ಹೊರಗ ಬೀಳತೈತಿ. ಕೆಲಸಾ ಕಸ್ಕೊಂಡ್ರ?"

"ಕೇಳಲಿಲ್ಲಂದ್ರ ಸಾಲಿ ಹೋಗಿ ಕೊಟಗಿ ಆಗತೈತಿ" ಎಂದಳು ಸಿದ್ದಲಿಂಗವ್ವ. ಇದು ಸೊಸೆ ಹೇಳಿಕೊಟ್ಟದ್ದಲ್ಲ, ಅವಳದೇ ಮಾತು.

ಇಂದ್ರಾಬಾಯಿ ದುಂಡಗಿನ ಮರಾಠಿ ಅಕ್ಷರದಲ್ಲಿ ಪತ್ರ ಬರೆದಳು. ಮುರಗೆಪ್ಪ ಉಸಿರು ಬಿಗಿಹಿಡಿದು ಕೆಳಗೆ ತನ್ನ ಹೆಸರು ಗೀಚಿದ.

ಆರನೆಯ ದಿನ ಮಧ್ಯಾಹ್ನ ಸಾಹೇಬರು ಸೈಕಲ್ ತುಳಿಯುತ್ತ ವಸ್ತಿಗೆ ಬಂದರು. ಅತ್ತೆ ಸೊಸೆ ಬುತ್ತಿ ತಂದು ಗೋಡೆಯ ಮರೆಯಲ್ಲಿ ಕೂತಿದ್ದರು. ಸಾಹೇಬರು ಒಂದು ಬಳೆಯೊಳಗೆ ಬೆರಳು ತೂರಿಸಿ ಜಗ್ಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು.

"ಮುರಗೆಪ್ಪಾ, ಹೊಲಿಯೂ ಮುಂದ ಎರಡು ಕೆಲಸದ್ದೂ ಎಂಟನೇದು ಒಂಬತ್ತನೇದು ಪುಟಾ ಅದಲಬದಲ ಆಗ್ಯಾವೋ! ಇವು ದನದ ದವಾಖಾನಿ ಪುಟಾ. ನಿಮ್ಮ ಪುಟಾ ಅಲ್ಲಿ ಹೋಗ್ಯಾವ. ಅಲ್ಲಿ ಗೌಂಡಿ ಏನೂ ಕೇಳಲಾರದ ಗ್ವಾಡಿಗೆ ಕರಿ ಹಲಗಿ ಮಾಡಿ, ಬರಿಯೂ ಖಡು ಇಡಾಕ ಕಟ್ಟಿ ಸೈತ ಕಟ್ಯಾನ. ಎಮ್ಮಿ ಲೆಕ್ಕಾ ಕಲೀಲಿ ಅಂತ!"

ಆಳುಗಳೆಲ್ಲ ನಕ್ಕರು. ಮುರಗೆಪ್ಪ ನಗಲಿಲ್ಲ. ಸಾಹೇಬರು ಪತ್ರ ಹೊರಗೆ ತೆಗೆದು, "ಇಷ್ಟು ಚೊಕ್ಕ ಪತ್ರ ನಮ್ಮ ಕಚೇರಿಗೆ ಯಾವ ಗೌಂಡಿನೂ ಬರದಿಲ್ಲ. ನೀನಽ ಬರದಿ?" ಎಂದರು.

ಗೋಡೆಯ ಮರೆಯಲ್ಲಿ ಇಂದ್ರಾಬಾಯಿ ಕಿವಿಗೊಟ್ಟಳು. ಮಾವ ಹೌದು ಅಂದುಬಿಡಲಿ, ಅಷ್ಟಕ್ಕೇ ಮುಗಿಯಲಿ ಎಂದುಕೊಂಡಳು.

"ಇಲ್ರಿ" ಎಂದ ಮುರಗೆಪ್ಪ. ತಲೆಯ ಪಟಕಾ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅವತ್ತ ಸುಳ್ಳ ಹೇಳಿದ್ನಿ. ನನಗ ಓದಾಕ ಬರೂದಿಲ್ಲ. ಓದಿದಾಕಿ, ಬರದಾಕಿ ನಮ್ಮ ಸೊಸಿ. ಇಂದ್ರಾ, ಈ ಕಡಿ ಬಾರವ್ವ."

ಮಾವ ತನ್ನ ಹೆಸರು ಹಿಡಿದು ಕರೆದದ್ದನ್ನು ಅವಳು ಅದೇ ಮೊದಲು ಕೇಳಿದ್ದು. ಸೆರಗು ಸರಿಮಾಡಿಕೊಂಡು ಹೊರಬಂದಳು.

"ಏನವ್ವಾ, ತಪ್ಪು ಹೆಂಗ ಹಿಡದಿ?" ಎಂದು ಸಾಹೇಬರು ಕೇಳಿದರು.

"ನಕಾಶಿಯೊಳಗ ಬಳಿ ಇಲ್ರಿ, ಗಟಾರ ಇಲ್ರಿ. ನಕಾಶಿ, ಬರಹ ಎರಡೂ ಒಂದ ಮನಿ ಮಾತು ಹೇಳಬೇಕಲ್ರಿ?"

ಸಾಹೇಬರು ಮುರಗೆಪ್ಪನತ್ತ ತಿರುಗಿದರು. "ಕಟ್ಟಾಂವ ನೀನು, ಓದಾಕಿ ಈಕಿ. ಇದಕ್ಕಿಂತ ಚಲೋ ಜೋಡಿ ನನಗ ಎಲ್ಲಿ ಸಿಗತೈತಿ? ಕೆಲಸಾ ಮುಂದ ನಡಸು." ಚೀಲದಿಂದ ಸರಿಯಾದ ಎರಡು ಪುಟ ತೆಗೆದು, ಅವನ ಕೈಗಲ್ಲ, ಇಂದ್ರಾಬಾಯಿಯ ಕೈಗೆ ಕೊಟ್ಟರು.

ಬಳೆಗಳನ್ನು ಕಿತ್ತು ತೂತು ಮುಚ್ಚಲು ಒಂದು ದಿನ ಹಿಡಿಯಿತು. ಮರುದಿನ ಇಂದ್ರಾಬಾಯಿ ಅಲ್ಲೇ, ಗೋಡೆಯ ಬುಡದಲ್ಲಿ ಕೂತು ಹೊಸ ಪುಟ ಓದಿದಳು. ಕರಿ ಹಲಗೆಯ ಕೆಳಗಿನ ಅಂಚು ನೆಲದಿಂದ ಮೂರೂವರೆ ಅಡಿ ಇರಬೇಕು ಎಂದಿತ್ತು.

ಮುರಗೆಪ್ಪ ಗಜ ಹಿಡಿದು ಗೋಡೆಯ ಮೇಲೆ ಗೆರೆ ಎಳೆದ. ಹಿಂದೆ ಸರಿದು ನೋಡಿದ. ನಡುವೆ ಯಾರನ್ನೂ ಇಟ್ಟುಕೊಳ್ಳದೆ ಸೊಸೆಯನ್ನೇ ಕೇಳಿದ.

"ಒಂದನೇ ಇಯತ್ತೆ ಹುಡುಗ್ರ ಕೈ ಇಲ್ಲಿ ಸಲೀಸ ಮುಟ್ಟತೈತೇನು?"

"ಮುಟ್ಟೂದಿಲ್ರಿ ಮಾವಾರ" ಎಂದಳು ಇಂದ್ರಾಬಾಯಿ. "ಆದ್ರ ಬರದದ್ದು ಹಂಗಽ ಐತಿ."

"ಹಂಗಾರ ಇನ್ನೊಂದು ಪತ್ರಾ ಬರಿ. ನಾ ಸಹಿ ಮಾಡ್ತೀನಿ."

ಎಂಟು ದಿನಕ್ಕೆ ಉತ್ತರ ಬಂತು. ಹಲಗೆಯನ್ನು ಒಂದು ಅಡಿ ಇಳಿಸಲು ಅಡ್ಡಿಯಿಲ್ಲ ಎಂದಿತ್ತು, ಪತ್ರದ ಮೇಲೆ ಮಾವ ಸೊಸೆ ಇಬ್ಬರ ಹೆಸರೂ ಇತ್ತು.