ಬಾನೆಟ್ ಎತ್ತಿದರೆ ಕಾಣುವ ಮೌಂಟು

ಭಾವನಿಗೆ ನಮ್ಮ ಗ್ಯಾರೇಜು ಸಾಲಿನಲ್ಲಿ ಪಾಲಿಶ್ ಎಂದು ಹೆಸರು. ಹೊಳೆಯುವುದೇನು ಕಂಡರೂ ಅವನಿಗೆ ಬಾಯಲ್ಲಿ ನೀರು. ರೇಸ್ ಕಾರು ಅವನದು, ಓಡಿಸುವವಳು ಅವನ ಹೆಂಡತಿ, ಅಂದರೆ ನನ್ನಕ್ಕ. ಕೈ ಕಪ್ಪು ಮಾಡಿಕೊಳ್ಳುವವಳು ನಾನು.

ವರ್ಷದ ಕೊನೆಯ ರೇಸಿನಲ್ಲಿ ಮೊದಲ ಮೂವರೊಳಗೆ ಬಂದರೆ ದೊಡ್ಡ ತಂಡವೊಂದರಲ್ಲಿ ಅಕ್ಕನಿಗೆ ಜಾಗ ಕೊಡುವುದಾಗಿ ಅದರ ಮ್ಯಾನೇಜರು ಬಾಯಿಬಿಟ್ಟು ಹೇಳಿದ್ದ. ಅಕ್ಕನಿಗೆ ಮೂವತ್ತನಾಲ್ಕು. ಮತ್ತೆ ಯಾರೂ ಕರೆಯುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಕಾರಿಗಿದ್ದ ರೋಗ ಒಂದೇ. ಎಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಕಾರಿನ ಚೌಕಟ್ಟಾದ ಚಾಸಿಗೆ ಹಿಡಿದಿಡುವ ಮೂರು ಮೌಂಟುಗಳೂ ಹಳೇ ರಬ್ಬರು. ಎಂಜಿನ್ನಿನವು ಎರಡು, ಕೆಳಗೆ. ಗೇರ್‌ಬಾಕ್ಸಿನದು ಒಂದು, ಮೇಲೆ. ಆಕ್ಸಿಲರೇಟರ್ ತುಳಿದಾಗಲೆಲ್ಲ ಎಂಜಿನ್ ಕುಡುಕನ ಹಾಗೆ ವಾಲುತ್ತಿತ್ತು. ಮೂರನೇ ಗೇರು ಸಿಗುತ್ತಿರಲಿಲ್ಲ.

ಮೂರಕ್ಕೂ ಪಾಲಿಯುರೆಥೇನ್ ಹಾಕೋಣ ಅಂದೆ. ಅದು ರಬ್ಬರಿಗಿಂತ ಗಟ್ಟಿ, ಲೋಹಕ್ಕಿಂತ ಮೆತ್ತಗೆ. ಭಾವ ತುಂಡೊಂದನ್ನು ಬೆರಳಲ್ಲಿ ಒತ್ತಿ ನೋಡಿ, ಚಪ್ಪಲಿ ಅಟ್ಟೆ ಎಂದು ಬದಿಗಿಟ್ಟ. ಹೋದ ವರ್ಷ ಗೆದ್ದವನ ಬಾನೆಟ್ಟಿನಡಿ ಅಲ್ಯೂಮಿನಿಯಂ ಮೌಂಟು ಮಿರುಗುವುದನ್ನು ಅವನು ಕಂಡಿದ್ದ. ಗೆದ್ದವನು ಮೂರು ಕಡೆಗೂ ಅದನ್ನೇ ಹಾಕಿದ್ದ. ಅದು ತಿಳಿಯಬೇಕಾದರೆ ಕಾರಿನಡಿ ಮಲಗಬೇಕು. ಭಾವ ಹಾಕುವುದು ಬಿಳಿ ಪ್ಯಾಂಟು.

ಲೇತಿನವನ ಹತ್ತಿರ ಒಂದೇ ಒಂದು ಮಾಡಿಸಿಕೊಂಡು ಬಂದ. ಗೇರ್‌ಬಾಕ್ಸಿನದು. ಉಳಿದೆರಡು ಎಲ್ಲಿ ಎಂದು ಕೇಳಿದೆ.

"ಕೆಳಗಿಂದು ಯಾರಿಗೆ ಕಾಣತ್ತೆ? ರಬ್ಬರೇ ಇರಲಿ."

"ಭಾವ, ಎಂಜಿನ್ ವಾಲತ್ತೆ, ಗೇರ್‌ಬಾಕ್ಸ್ ವಾಲಕ್ಕಾಗಲ್ಲ. ಎರಡೂ ಒಂದಕ್ಕೊಂದು ಬೋಲ್ಟಾಗಿರೋದು. ಜಗ್ಗಾಟ ಎಲ್ಲ ಗೇರ್‌ಬಾಕ್ಸಿನ ಕಿವಿ ಮೇಲೆ, ಅದೇ ಮೌಂಟು ಕೂರೋ ತುಂಡಿನ ಮೇಲೆ, ಬೀಳತ್ತೆ. ಕೊಸರಾಡೋ ಮಗುನ ಕಿವಿ ಹಿಡಿದು ನಿಲ್ಲಿಸಿದ ಹಾಗೆ."

"ನಾದಿನಿ ಮಾತು ಕೇಳಿ ಉದ್ಧಾರ ಆದವರನ್ನ ನಾನಂತೂ ನೋಡಿಲ್ಲಮ್ಮ," ಅಂದ.

ಅಕ್ಕ ನನ್ನ ಪರ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಆದರೆ ಪರೀಕ್ಷೆಗೆ ನಾಲ್ಕು ಸುತ್ತು ಓಡಿಸಿ ಬಂದವಳು, ಗೇರ್‌ಬಾಕ್ಸು ಮಿಸುಕದೆ ನಿಂತಿದ್ದರಿಂದ ಮೂರನೇ ಗೇರು ಸಲೀಸಾಗಿ ಬಿತ್ತು ಎಂದು ಹಲ್ಲು ಬಿಟ್ಟಳು. ನಾಲ್ಕು ಸುತ್ತಿಗೆ ಯಾವ ಕಿವಿಯೂ ಹರಿಯುವುದಿಲ್ಲ ಎಂದು ಅವಳಿಗೆ ಹೇಳಿದೆ. ಅಪಶಕುನ ಆಡಬೇಡ ಅಂದಳು. ಆಮೇಲೆ ರೇಸಿಗೆಂದು ಆ ಮೌಂಟಿನ ಬೋಲ್ಟು ಬಿಗಿ ಮಾಡಿದವಳು ನಾನೇ. ಭಾವನನ್ನು ಬೈಯುವಾಗ ಇದನ್ನು ಮರೆಯಬಾರದು.

ರೇಸಿನ ಬೆಳಗ್ಗೆ ಭಾವ ಬಾನೆಟ್ ಎತ್ತಿ ಇಟ್ಟು, ಬಂದುಹೋದವರಿಗೆಲ್ಲ ಮೌಂಟು ತೋರಿಸಿದ. ಹುಡುಗಿ ತೋರಿಸುವ ಮನೆಯವರೂ ಅಷ್ಟು ಉಪಚಾರ ಮಾಡುವುದಿಲ್ಲ.

ಒಂಬತ್ತನೇ ಸುತ್ತಿನಲ್ಲಿ ಅಕ್ಕ ಎರಡನೆಯವಳಾಗಿದ್ದಳು. ತಿರುವು ದಾಟಿ ಪೂರ್ತಿ ತುಳಿದದ್ದೇ ತಡ, ಲಟ್ ಎಂದ ಸದ್ದು ಟ್ರ್ಯಾಕಿನ ಗೋಡೆಯ ಈಚೆ ನಿಂತಿದ್ದ ನಮಗೂ ಕೇಳಿಸಿತು. ಕಾರು ಹುಲ್ಲಿನ ಮೇಲೆ ಹೋಗಿ ನಿಂತಿತು. ಹನ್ನೆರಡು ಕಾರುಗಳು ಅವಳನ್ನು ದಾಟಿ ಹೋದವು.

ಎಳೆದು ತಂದಾಗ ಗೇರ್‌ಬಾಕ್ಸಿನ ಕಿವಿ ಬುಡದಿಂದಲೇ ಕಿತ್ತುಬಂದು ಮೌಂಟಿನಲ್ಲಿ ನೇತಾಡುತ್ತಿತ್ತು. ದೊಡ್ಡ ತಂಡದ ಮ್ಯಾನೇಜರು ಅಷ್ಟರಲ್ಲಿ ಪಕ್ಕದ ಶೆಡ್ಡಿನ ಡ್ರೈವರನ ಕೈ ಕುಲುಕುತ್ತಿದ್ದ. ಭಾವ ಸುತ್ತ ನಿಂತವರಿಗೆ, ಹೆಂಗಸರು ಗೇರು ಎಳೆಯುವ ರೀತಿಯೇ ಒರಟು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೆಲ್ಲ ವಿವರಿಸುತ್ತಿದ್ದ. ಅಕ್ಕ ಇನ್ನೂ ಹೆಲ್ಮೆಟ್ಟನ್ನೇ ತೆಗೆದಿರಲಿಲ್ಲ.

ನಾನು ಮೌಂಟು ಬಿಚ್ಚಿ ಕೊಟ್ಟೆ. ಅವನು ಕರ್ಚೀಫಿನಿಂದ ಒರೆಸಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದ. ಮುಖ ಅರಳಿತು. ಅದನ್ನು ಅಕ್ಕನ ಕಡೆ ಚಾಚಿದ.

"ನೋಡೇ, ಒಂದು ಗೀರೂ ಬಿದ್ದಿಲ್ಲ."

ಅಕ್ಕ ಹೆಲ್ಮೆಟ್ ತೆಗೆದು ಅವನ ಕೈಗಿತ್ತಳು.

"ಹೌದಲ್ವಾ? ಹಾಗಾದ್ರೆ ಇನ್ನು ಮೇಲೆ ಅದನ್ನೇ ಓಡಿಸಿಕೊಳ್ರಿ."

ಅವಳು ಗೇಟಿನ ಕಡೆ ನಡೆದಳು. ನಾನು ನನ್ನ ಸ್ಪ್ಯಾನರುಗಳನ್ನು ಮಾತ್ರ ಆರಿಸಿ ಚೀಲಕ್ಕೆ ಹಾಕಿಕೊಂಡೆ. ಹೊರಡುವಾಗ ತಿರುಗಿ ನೋಡಿದರೆ, ಹೆಲ್ಮೆಟ್ಟಿಗೆ ಹುಲ್ಲಿನ ಧೂಳು ಹತ್ತಿತ್ತು. ಭಾವ ಅದನ್ನು ಒರೆಸುತ್ತಿದ್ದ.