ಗ್ರಹಣದ ರೀಲು

ಸೂರ್ಯ ಮತ್ತೆ ಜಾರಿದ.

ನರಸಿಂಹ ತಿರುಪು ಸಡಿಲಿಸಿ, ದೂರದರ್ಶಕದ ಮೂತಿಯನ್ನು ಕೂದಲೆಳೆಯಷ್ಟು ಪಡುವಣಕ್ಕೆ ತಳ್ಳಿ ಮತ್ತೆ ಬಿಗಿ ಮಾಡಿದ. ಕ್ಯಾಮೆರಾದ ಭಾರಕ್ಕೆ ಕೊಳವೆಯ ಹಿಂಬದಿ ಕುಸಿಯುತ್ತಿತ್ತು. ದೂರದರ್ಶಕ ಕಾಲೇಜಿನ ಪ್ರಯೋಗಾಲಯದ್ದು. ಕ್ಯಾಮೆರಾ ಸ್ಟುಡಿಯೋ ಇಟ್ಟಿದ್ದ ಅಲ್ಲಾಬಕ್ಷ್‌ನಿಂದ ಎರವಲು ತಂದದ್ದು. ಎರಡನ್ನೂ ಕೂಡಿಸಲು ನಡುವೆ ಹಿತ್ತಾಳೆಯ ಬಳೆಯೊಂದನ್ನು ಮಾಡಿಸಿದ್ದ. ಸಂಬಂಧ ಕುದುರಿಸಿದವನ ಹಾಗೆ ಅವೆರಡನ್ನೂ ಆಗಾಗ ಅನುಮಾನದಿಂದ ನೋಡುತ್ತಿದ್ದ.

ಎಂಬತ್ತರ ಫೆಬ್ರವರಿಯ ಆ ಮಧ್ಯಾಹ್ನ ರಾಯಚೂರಿನ ಆ ಓಣಿಯ ಮಾಳಿಗೆಗಳ ಮೇಲೆ ಅವನೊಬ್ಬನೇ ಇದ್ದ. ಗ್ರಹಣವೆಂದರೆ ಬರೀ ನೆರಳು ಎಂದು ಅವನಿಂದಲೇ ಪಾಠ ಬರೆದುಕೊಂಡಿದ್ದ ವಿದ್ಯಾರ್ಥಿಗಳು ಯಾರೂ ಬಂದಿರಲಿಲ್ಲ. ಜವಾನ ಯಮನೂರಪ್ಪ ದೂರದರ್ಶಕದ ಪೆಟ್ಟಿಗೆಯನ್ನು ಮೇಲೆ ಹೊತ್ತು ತಂದಿಟ್ಟು, "ನೀವು ಓದಿದವ್ರು ಸರ, ನಿಮಗೇನಾಗಂಗಿಲ್ಲ. ನಾ ಹೊಕ್ಕೀನ್ರಿ" ಎಂದು ಇಳಿದು ಹೋಗಿದ್ದ.

ನರಸಿಂಹನ ಕಾಲ ಬಳಿ ಬೆಳಕಿಂಡಿ. ತಾಯಿ ಸತ್ಯಭಾಮಾಬಾಯಿ ಬೆಳಿಗ್ಗೆಯೇ ಅದಕ್ಕೆ ತಗಡು ಮುಚ್ಚಿಸಿ, ಗೋಣಿಚೀಲ ಹೊದಿಸಿ, ಕಲ್ಲು ಹೇರಿಸಿದ್ದಳು. ಕೆಳಗಿನ ಕತ್ತಲೆ ಕೋಣೆಯಲ್ಲಿ ಅವನ ಹೆಂಡತಿ ಭಾಗೀರಥಿ, ತುಂಬು ಬಸುರಿ, ಚಾಪೆಯ ಮೇಲೆ ನೆಟ್ಟಗೆ ಮಲಗಿರಬೇಕು. ಕಾಲು ಮಡಿಸಬಾರದು, ಮೈ ತುರಿಸಿಕೊಳ್ಳಬಾರದು. ಇದನ್ನೆಲ್ಲ ತಾನು ವಿರೋಧಿಸಬೇಕಿತ್ತು ಎಂದು ನರಸಿಂಹನಿಗೆ ಗೊತ್ತಿತ್ತು. ಆದರೆ ಅವಳು ಒಳಗಿದ್ದರೆ ತನ್ನ ಕೆಲಸ ಸಲೀಸು ಎಂಬುದೂ ಗೊತ್ತಿತ್ತು.

"ಏನ್ರಿ," ತಗಡಿನ ಕೆಳಗಿನಿಂದ ದನಿ ಬಂತು.

"ಏನು?"

"ಸುರು ಆತೇನ್ರಿ?"

"ಆಗೇದ. ಮಾತಾಡಬ್ಯಾಡ, ಅವ್ವ ಕೇಳ್ತಾಳ."

ಅವನು ದೇವದುರ್ಗದಲ್ಲಿ ಮಾಸ್ತರನಾಗಿದ್ದಾಗ ಅವರ ಮೊದಲ ಕೂಸು ಹುಟ್ಟಿ, ಹೆಸರಿಡುವ ಮೊದಲೇ ಹೋಯಿತು. ಮಣ್ಣು ಮಾಡಿ ಬಂದ ಸಂಜೆ ಭಾಗೀರಥಿ ಕೇಳಿದ್ದು ಒಂದೇ ಮಾತು. "ಒಂದು ಫೋಟೋನಾದ್ರೂ ತಗಸಬೇಕಿತ್ತಲ್ರಿ. ಮುಖಾ ಮರ್ತು ಹೋಗ್ತದ." ಅವನು ಒದ್ದೆ ಪಂಚೆ ಹಿಂಡುತ್ತಿದ್ದ. ಹಿಂಡಿದ್ದನ್ನೇ ಮತ್ತೆ ಹಿಂಡಿದ. ಆಮೇಲೆ ಅವರಿಬ್ಬರ ನಡುವೆ ಉಪ್ಪು, ಸಾರು, ಹಾಲಿನವನ ಮಾತುಗಳಷ್ಟೇ ಉಳಿದವು.

ಹೋದ ವಾರ ಕ್ಯಾಮೆರಾ ಮನೆಗೆ ಬಂದಾಗ ಅವಳೇ ಬಾಗಿಲಲ್ಲಿ ನಿಂತು ಕೇಳಿದ್ದಳು.

"ಗ್ರಹಣ ಫೋಟೋದಾಗ ನೋಡಿದ್ರ ಬಸರಿಗೆ ದೋಷಿಲ್ಲಲ್ರಿ?"

"ಇಲ್ಲ."

"ಹಂಗಾದ್ರ ನನಗ ತೋರಸ್ರಿ."

"ತೋರಸ್ತೀನಿ."

ಅಷ್ಟೇ. ಆದರೆ ಈ ಫೋಟೋವನ್ನು ಅವಳ ಕೈಯಲ್ಲಿಟ್ಟರೆ ದೇವದುರ್ಗದ ಆ ಸಂಜೆಗೆ ಏನೋ ಒಂದು ಉತ್ತರ ಕೊಟ್ಟಂತಾಗುತ್ತದೆ ಎಂದು ಅವನಿಗೆ ಅನಿಸಿತ್ತು. ಅದು ಆಸೆಯೋ ಭಯವೋ ತಿಳಿಯದು.

ಬಿಸಿಲು ಕಂದಿತು. ಗಾಳಿ ತಣ್ಣಗಾಯಿತು. ಬೇವಿನ ಮರಕ್ಕೆ ಕಾಗೆಗಳು ಗದ್ದಲ ಮಾಡುತ್ತ ಮರಳಿದವು. ಸೂರ್ಯ ಪೂರ್ತಿ ಮುಚ್ಚಿದ ಕೂಡಲೇ ನರಸಿಂಹ ಮಸೂರದ ಮುಂದಿನ ಕಪ್ಪು ಗಾಜು ತೆಗೆದ. ಷಟರಿನ ತಂತಿ ಒತ್ತಿದ, ರೀಲು ಸರಿಸಿದ, ಮತ್ತೆ ಒತ್ತಿದ. ಬಾಯಿಪಾಠ ಮಾಡಿಕೊಂಡಿದ್ದ ಸೆಕೆಂಡಿನ ಲೆಕ್ಕದ ಅಂಕಿಗಳನ್ನು ತುಟಿಯಲ್ಲೇ ಹೇಳಿಕೊಂಡ.

"ಏನ್ರಿ, ಪೂರ್ತಿ ಕತ್ತಲಾತೇನ್ರಿ?"

ಮಾತಾಡಿದರೆ ಕೈ ಅಲುಗುತ್ತದೆ. ಒತ್ತಿದ.

"ಹೆಂಗ ಅದರೀ? ಒಂದು ಮಾತು ಹೇಳ್ರಿ."

ಸರಿಸಿದ, ಒತ್ತಿದ. ಸೂರ್ಯನ ಅಂಚಿನಲ್ಲಿ ಬೆಳಕು ಚಿಮ್ಮಿತು. ಗಾಜು ಮುಚ್ಚಿದ. ಕೆಳಗಿನ ದನಿ ಆಗಲೇ ನಿಂತು ಹೋಗಿತ್ತು.

ಗ್ರಹಣ ಬಿಟ್ಟ ಮೇಲೆ ಕ್ಯಾಮೆರಾ ಕಳಚಿಕೊಂಡು ಇಳಿದಾಗ ತಾಯಿ ಮೆಟ್ಟಿಲ ಬಳಿಯೇ ತಡೆದಳು.

"ಮೊದಲ ಸ್ನಾನ. ಅದನ್ನ ಅಲ್ಲೇ ಕಟ್ಟಿ ಮ್ಯಾಲಿಡು. ನೀರು ಬೀಳದ ಒಳಗ ಬರಂಗಿಲ್ಲ."

"ಅದಕ್ಕ ನೀರು ಹಾಕಂಗಿಲ್ಲವ್ವಾ."

"ಹಂಗಾದ್ರ ಹೊರಗೇ ಇರ್ಲಿ."

ರೀಲನ್ನು ಹಿಂದಕ್ಕೆ ಸುತ್ತಿ ಅದರ ಡಬ್ಬಿಗೆ ಸೇರಿಸುವುದು ಉಳಿದಿತ್ತು. ಗಡಿಬಿಡಿಯಲ್ಲಿ ಕೆಡಿಸುವುದು ಬೇಡ, ಅಲ್ಲಾಬಕ್ಷನೇ ಮಾಡಲಿ ಎಂದುಕೊಂಡು ಕ್ಯಾಮೆರಾವನ್ನು ಕಟ್ಟೆಯ ಮೇಲಿಟ್ಟು ಬಚ್ಚಲಿಗೆ ಹೋದ.

ತಣ್ಣೀರು ಸುರಿದುಕೊಳ್ಳುವಾಗ, ಹೆಂಗಿತ್ತು ಎಂದು ಅವಳು ಕೇಳಿದರೆ ಏನು ಹೇಳಲಿ ಎಂದು ಯೋಚಿಸಿದ. ತಂತಿ ನೆನಪಾಯಿತು, ಅಂಕಿಗಳು ನೆನಪಾದವು. ಆಕಾಶದ ಬಣ್ಣ ನೆನಪಾಗಲಿಲ್ಲ. ಅವನು ಕ್ಯಾಮೆರಾದಿಂದ ತಲೆಯನ್ನೇ ಎತ್ತಿರಲಿಲ್ಲ. ಓಣಿಯಲ್ಲೆಲ್ಲ ಹೊರಗಿದ್ದವನು ತಾನೊಬ್ಬ, ತಾನೂ ನೋಡಿರಲಿಲ್ಲ. ಇರಲಿ, ಫೋಟೋ ಬಂದ ಮೇಲೆ ಇಬ್ಬರೂ ಕೂಡಿ ನೋಡಿದರಾಯಿತು ಎಂದು ಮೈ ಒರೆಸಿಕೊಂಡ.

ಭಾಗೀರಥಿ ಅಂಗಳದಲ್ಲಿ ನಿಂತಿದ್ದಳು. ಅವಳ ಸ್ನಾನ ಮುಗಿದಿತ್ತು. ಒದ್ದೆ ಕೂದಲ ಕೆಳಗೆ ಅವಳ ಮುಖ, ದೇವದುರ್ಗ ಬಿಟ್ಟ ಮೇಲೆ ಮೊದಲ ಸಲ, ಗೆಲುವಾಗಿತ್ತು.

"ಹೊರಗ ಬೀಳೋದು ಬ್ಯಾಡಂತ ನಾನೇ ಶುದ್ಧ ಮಾಡೀನ್ರಿ. ಒಳಗ ತರ್ಲಿಕ್ಕೆ ಅತ್ತಿಯವ್ರು ಹೂಂ ಅಂದಾರ."

ಕಟ್ಟೆಯ ಮೇಲೆ ಕ್ಯಾಮೆರಾದ ಬೆನ್ನು ತೆರೆದುಕೊಂಡಿತ್ತು. ಒಳಗೆ ಒಂದು ತುಳಸಿ ಎಲೆ ಅಂಟಿತ್ತು.

"ನೀರು ಸುರೀಲಿಲ್ರಿ. ತುಳಸಿ ನೀರಾಗ ಅರಿವಿ ಅದ್ದಿ ಒರಿಸೀನಿ. ಒಳಗ ಪಟ್ಟಿ ಗತೆ ಒಂದು ಸುತ್ತಿತ್ತು. ಅದನ್ನೂ ಬಿಚ್ಚಿ, ಒರಿಸಿ ಹಾಕೀನಿ."

ಅವನು ತಲೆ ಎತ್ತಿದ. ಮಡಿಬಟ್ಟೆ ಒಣಹಾಕುವ ಗಳದ ಮೇಲೆ ತಾಯಿಯ ಸೀರೆ. ಅದರ ಪಕ್ಕದಲ್ಲಿ ರೀಲು, ತುದಿಗೆ ತನ್ನ ಪುಟ್ಟ ಡಬ್ಬಿಯನ್ನು ತೂಗಿಸಿಕೊಂಡು, ನೀರು ತೊಟ್ಟಿಕ್ಕಿಸುತ್ತಿತ್ತು.

ಬೆಳಕು ತಾಗಿದರೆ ರೀಲು ಸತ್ತಂತೆ ಎಂದು ಅವನು ಇಡೀ ತರಗತಿಗೆ ಹೇಳಿದ್ದ. ಇವಳಿಗೆ ಹೇಳಿರಲಿಲ್ಲ. ಹೇಳುವಷ್ಟು ಮಾತು ಅವರ ನಡುವೆ ಇರಲಿಲ್ಲ.

"ಇದರಾಗ ಸೂರ್ಯ ಎಲ್ಲಿದಾನ್ರಿ? ನಾ ಹುಡುಕಿದೆ, ಕಾಣಲಿಲ್ಲ."

ಹೇಳಬೇಕೆಂದು ಅವನು ಬಾಯಿ ತೆರೆದ.

"ಇನ್ನೂ ಹಸಿ ಅದ," ಅಂದ.

"ಒಣಗಿದ ಮ್ಯಾಲ ಕಾಣ್ತದೇನ್ರಿ?"

"ಹೂಂ."

"ನೀವು ಕಣ್ಣಾರೆ ನೋಡಿದ್ರಲ್ಲ. ಹೆಂಗಿತ್ರಿ?"

"ಅದರಾಗ ಅದ. ನೋಡೀಯಂತ."

ಅಂಗಳದ ಒಂದು ಮೂಲೆಯಲ್ಲಿ ಸಂಜೆಯ ಬಿಸಿಲು ಇನ್ನೂ ಉಳಿದಿತ್ತು. ಭಾಗೀರಥಿ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮಡಿಕೋಲು ಎತ್ತಿ, ಲಗೂನೆ ಒಣಗಲೆಂದು ರೀಲನ್ನು ಆ ಬಿಸಿಲಿಗೆ ಸರಿಸಿದಳು. ಆಮೇಲೆ ಅದರ ಕೆಳಗೇ, ಮುಖ ಮೇಲೆತ್ತಿ ಕಾಯುತ್ತ ನಿಂತಳು.